ಕಾರಂಜಿಯ ಬೆಳಕು, ಕೋಲಾರದ ಚಿನ್ನ, ನಮ್ಮೂರ ಕಬ್ಬಿನ ಹಾಲು

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದರು. ನಮ್ಮ ಕಡೆ ಇತಿಹಾಸ ಎಂದರೆ ಶ್ರೀರಂಗಪಟ್ಟಣದ ಕೋಟೆ, ಮೇಲುಕೋಟೆ, ತೊಣ್ಣೂರು ಕೆರೆ, ಹೊಸಹೊಳಲಿನ ದೇವಾಲಯ, ನಾಗಮಂಗಲದ ಸೌಮ್ಯಕೇಶವ. ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲ ಮೇಷ್ಟ್ರುಗಳು ಇದ್ದಾರೆ, ಅವರ ಮುಂದೆ ನಾನು ಬಾಯಿ ಬಿಡುವುದು ಸರಿಯಲ್ಲ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಹಾಗಾಗಿ ನನಗೆ ತಿಳಿದ ದಾರಿಯಲ್ಲಿ, ಒಂದು ಉಪಕರಣದ ಇತಿಹಾಸವನ್ನು ಬರೆಯುತ್ತೇನೆ. ಅದರ ಹೆಸರು ಉದ್ದ: ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್ ತತ್ತ್ವದ ಆಪ್ಟಿಕಲ್ ಫೈಬರ್ ಸೆನ್ಸರ್. ಹೆಸರು ಕೇಳಿ ಪುಟ ತಿರುಗಿಸಬೇಡಿ. ಇದರಲ್ಲಿ ಇರುವುದು ಮೂರೇ ವಸ್ತು. ಕೂದಲಿನಂಥ ಗಾಜಿನ ಎಳೆ, ಅದರ ಮೇಲೆ ಚಿನ್ನದ ತೆಳು ಲೇಪ, ಆ ಲೇಪವನ್ನು ಅದ್ದುವ ಒಂದು ದ್ರವ. ಈ ಮೂರಕ್ಕೂ ನಮ್ಮ ನಾಲ್ಕು ತಾಲ್ಲೂಕುಗಳಿಗೂ ಇರುವ ನಂಟು ನೋಡಿದರೆ ನಿಮಗೂ ಆಶ್ಚರ್ಯವಾದೀತು.

ಮೊದಲು ಚಿನ್ನದಿಂದ ಶುರು ಮಾಡೋಣ, ಸುವರ್ಣ ಮಹೋತ್ಸವವಲ್ಲವೇ!

1902ರ ಜೂನ್ 30ರಂದು ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಕಾವೇರಿಯ ನೀರು ಧುಮ್ಮಿಕ್ಕುವಲ್ಲಿ ಯಂತ್ರಗಳನ್ನು ಕೂರಿಸಿ, ಅಲ್ಲಿಂದ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದಿದ್ದರು. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಸಾಗಿಸುವುದು ಜಗತ್ತಿನಲ್ಲೇ ದೊಡ್ಡ ಸಾಹಸ. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿದಿರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೈಸೂರು ಸಂಸ್ಥಾನದ ಮೊದಲ ದೊಡ್ಡ ವಿದ್ಯುತ್ತು ಯಾರ ಮನೆಯ ದೀಪಕ್ಕೂ ಹೋಗಲಿಲ್ಲ, ಚಿನ್ನದ ಅದಿರು ಎತ್ತುವ, ಪುಡಿ ಮಾಡುವ ಯಂತ್ರಗಳಿಗೆ ಹೋಯಿತು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ. ತಂತಿಯ ಕೆಳಗಿದ್ದ ಹಳ್ಳಿಗಳು ಮುಂದೆ ದಶಕಗಳ ಕಾಲ ಹರಳೆಣ್ಣೆ, ಸೀಮೆಎಣ್ಣೆ ಬುಡ್ಡಿಗಳಲ್ಲೇ ಇದ್ದವು.

ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಶಿವನಸಮುದ್ರದಲ್ಲಿ ವಿದ್ಯುತ್ ಇಳಿಯುತ್ತಿತ್ತು. ಗಣಿ ಕಂಪನಿಗಳಿಗೆ ವರ್ಷವಿಡೀ ಒಂದೇ ಸಮನಾಗಿ ವಿದ್ಯುತ್ ಬೇಕು. ಹಾಗಾದರೆ ಮೇಲೆ ಎಲ್ಲಾದರೂ ನೀರು ಕಟ್ಟಿ ನಿಲ್ಲಿಸಬೇಕು. ಕನ್ನಂಬಾಡಿ ಕಟ್ಟೆಯ ಯೋಜನೆಗೆ ಒತ್ತಾಸೆಯಾದ ಕಾರಣಗಳಲ್ಲಿ ಇದು ಮುಖ್ಯವಾದದ್ದು, ನೀರಾವರಿ ಇದರ ಜೊತೆಯದು. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಎರಡನ್ನೂ ಸೇರಿಸಿ ಲೆಕ್ಕ ಹಾಕಿದರು. 1911ರಲ್ಲಿ ಕೆಲಸ ಶುರುವಾಯಿತು. ಮದರಾಸು ಸರ್ಕಾರದ ತಕರಾರಿನಿಂದ ಮೊದಲು 80 ಅಡಿ ಎತ್ತರಕ್ಕೆ ಮಾತ್ರ ಒಪ್ಪಿಗೆ. ಆದರೆ ಮುಂದೆ ಎತ್ತರಿಸಲು ಆಗುವಂತೆ ಅಡಿಪಾಯವನ್ನು ಅಗಲವಾಗಿಯೇ ಹಾಕಲಾಯಿತು. 1924ರ ಒಪ್ಪಂದದ ನಂತರ ಕಟ್ಟೆ ಈಗಿನ ಎತ್ತರಕ್ಕೆ ಬಂತು. ಗಾರೆಗೆ ಬಳಸಿದ್ದು ಸುರ್ಕಿ ಮತ್ತು ಸುಣ್ಣ. ಹಳೇ ಕನ್ನಂಬಾಡಿ ಮುಳುಗಿತು, ಪಾಂಡವಪುರ ಮತ್ತು ಕೆ.ಆರ್. ಪೇಟೆ ಕಡೆಯ ಹಿನ್ನೀರಿನ ಹಳ್ಳಿಗಳ ಜನ ಮನೆ ಕಿತ್ತುಕೊಂಡು ಹೊರಟರು. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ ಎಷ್ಟೋ ವರ್ಷ ನೀರಿನಲ್ಲಿದ್ದು, ಬರಗಾಲದಲ್ಲಿ ತಲೆ ತೋರುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಈಚೆಗೆ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು ಎನ್ನುತ್ತಾರೆ. ಅದರಲ್ಲಿ ನಮ್ಮ ಹೊಳೆಯ ಪಾಲು ಎಷ್ಟು ಎಂದು ಯಾರೂ ತೂಗಿಲ್ಲ.

ಶಿವನಸಮುದ್ರದಲ್ಲಿ ಯಂತ್ರ ತಿರುಗಲು ಶುರುವಾದ ಅದೇ 1902ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ ಒಂದು ವಿಚಿತ್ರ ಕಂಡರು. ಬಹಳ ಸಣ್ಣ ಗೀರುಗಳನ್ನು ಸಾಲಾಗಿ ಎಳೆದ ಲೋಹದ ಫಲಕದ ಮೇಲೆ ಬೆಳಕು ಬಿಟ್ಟಾಗ, ಹಿಂದಿರುಗಿ ಬಂದ ಬಣ್ಣದ ಪಟ್ಟಿಯಲ್ಲಿ ಕೆಲವು ಕಡೆ ಇದ್ದಕ್ಕಿದ್ದಂತೆ ಕತ್ತಲೆ. ಆ ಬಣ್ಣದ ಬೆಳಕು ಎಲ್ಲಿ ಹೋಯಿತು? ವುಡ್‌ಗೆ ಉತ್ತರ ಸಿಗಲಿಲ್ಲ. ಲಾರ್ಡ್ ರೇಲಿ 1907ರಲ್ಲಿ ಒಂದು ವಿವರಣೆ ಕೊಟ್ಟರು, ಅದು ಅರ್ಧ ಮಾತ್ರ ಸರಿಹೊಂದಿತು. 1941ರಲ್ಲಿ ಯೂಗೋ ಫಾನೋ, 1957ರಲ್ಲಿ ರೂಫಸ್ ರಿಚಿ, ಹೀಗೆ ಒಬ್ಬರ ನಂತರ ಒಬ್ಬರು ಎಳೆ ಹಿಡಿದು ಹೋದ ಮೇಲೆ ಚಿತ್ರ ಪೂರ್ತಿಯಾಯಿತು. ಕಳೆದುಹೋದ ಬೆಳಕು ಲೋಹದ ಮೇಲ್ಮೈಯಲ್ಲಿರುವ ಎಲೆಕ್ಟ್ರಾನುಗಳನ್ನು ತೂಗಿಸುವುದಕ್ಕೆ ಖರ್ಚಾಗುತ್ತಿತ್ತು.

ಜಾತ್ರೆಯ ಉಯ್ಯಾಲೆಯನ್ನು ನೆನೆಸಿಕೊಳ್ಳಿ. ತೂಗುವವನು ಹೇಗೆ ಬೇಕೋ ಹಾಗೆ ತಳ್ಳಿದರೆ ಉಯ್ಯಾಲೆ ಏಳುವುದಿಲ್ಲ. ಅದು ಹಿಂದೆ ಬಂದು ಮುಂದೆ ಹೊರಡುವ ಕ್ಷಣಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಹುಡುಗ ತಳ್ಳಿದರೂ ಮೇಲೇರುತ್ತದೆ. ಚಿನ್ನದ ಮೇಲ್ಮೈಯ ಎಲೆಕ್ಟ್ರಾನುಗಳಿಗೂ ಹೀಗೆ ತಮ್ಮದೇ ಒಂದು ತಾಳವಿದೆ. ಆ ತಾಳಕ್ಕೆ ಹೊಂದುವ ಬಣ್ಣದ ಬೆಳಕು ಬಂದರೆ ಅವು ಅದನ್ನು ನುಂಗಿ ತೂಗಲು ಶುರುಮಾಡುತ್ತವೆ. ಉಳಿದ ಬಣ್ಣಗಳು ಹಾಗೇ ಹಿಂದಿರುಗುತ್ತವೆ. ಈ ತೂಗಾಟಕ್ಕೆ ಪ್ಲಾಸ್ಮಾನ್ ಎಂದೂ, ತಾಳ ಹೊಂದುವುದಕ್ಕೆ ರೆಸೊನೆನ್ಸ್ ಎಂದೂ ಹೆಸರು. ನಮ್ಮ ಕೆಲಸಕ್ಕೆ ಮುಖ್ಯವಾದ ಸಂಗತಿ ಇನ್ನೊಂದಿದೆ: ಚಿನ್ನಕ್ಕೆ ತಾಗಿಕೊಂಡಿರುವ ದ್ರವ ಬದಲಾದರೆ ಆ ತಾಳವೂ ಬದಲಾಗುತ್ತದೆ. ನೀರು ಇದ್ದಾಗ ಒಂದು ಬಣ್ಣ ಕಾಣೆಯಾದರೆ, ಸಕ್ಕರೆ ನೀರು ಇದ್ದಾಗ ಪಕ್ಕದ ಇನ್ನೊಂದು ಬಣ್ಣ ಕಾಣೆಯಾಗುತ್ತದೆ. ಕಾಣೆಯಾದ ಬಣ್ಣ ಯಾವುದು ಎಂದು ನೋಡಿ, ದ್ರವ ಎಷ್ಟು ಸಾಂದ್ರ ಎಂದು ಹೇಳಬಹುದು.

1968ರಲ್ಲಿ ಜರ್ಮನಿಯಲ್ಲಿ ಆಂಡ್ರಿಯಾಸ್ ಓಟ್ಟೊ, ಅದೇ ವರ್ಷ ಬೇರೆಯಾಗಿ ಕ್ರೆಚ್‌ಮನ್ ಮತ್ತು ರೇಥರ್, ಗಾಜಿನ ಪಟ್ಟಕದ ಮೂಲಕ ಇದನ್ನು ಸುಲಭವಾಗಿ ಮಾಡುವ ದಾರಿ ತೋರಿಸಿದರು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಕಾಮನಬಿಲ್ಲು ಮಾಡಲು ಬಳಸುತ್ತಿದ್ದ ಪಟ್ಟಕದಂಥದ್ದೇ, ಅದರ ಒಂದು ಮುಖಕ್ಕೆ ಲೋಹದ ಲೇಪ. 1983ರಲ್ಲಿ ಸ್ವೀಡನ್ನಿನ ಲಿಂಚೋಪಿಂಗ್‌ನಲ್ಲಿ ಲೀಡ್‌ಬರ್ಗ್, ನೈಲ್ಯಾಂಡರ್, ಲುಂಡ್‌ಸ್ಟ್ರೋಮ್ ಇದನ್ನು ಅನಿಲ ಮತ್ತು ಜೈವಿಕ ವಸ್ತುಗಳ ಪತ್ತೆಗೆ ಬಳಸಿದರು. 1990ರಲ್ಲಿ ಬಿಯಾಕೋರ್ ಎಂಬ ಯಂತ್ರ ಮಾರುಕಟ್ಟೆಗೆ ಬಂತು. ಔಷಧ ಕಂಪನಿಗಳು ಕೊಳ್ಳುವ ದುಬಾರಿ ಪೆಟ್ಟಿಗೆ ಅದು, ಗದ್ದೆಯ ಬದುವಿಗೆ ಹೊತ್ತುಕೊಂಡು ಹೋಗುವಂಥದ್ದಲ್ಲ.

ಲೇಪ ಎಷ್ಟು ತೆಳು ಎಂದರೆ ಸುಮಾರು 50 ನ್ಯಾನೋಮೀಟರ್. ತಲೆಗೂದಲಿನ ದಪ್ಪಕ್ಕೆ ಇಂಥ ಸಾವಿರಕ್ಕೂ ಹೆಚ್ಚು ಪದರಗಳು ಬೇಕು. ನಾನೇ ಲೆಕ್ಕ ಹಾಕಿ ನೋಡಿದೆ: 1 ಗ್ರಾಂ ಚಿನ್ನವನ್ನು ಇಷ್ಟು ತೆಳುವಾಗಿ ಬಳಿದರೆ 1 ಚದರ ಮೀಟರ್‌ಗೂ ತುಸು ಹೆಚ್ಚು ಜಾಗ ಮುಚ್ಚುತ್ತದೆ. ಹೆಣ್ಣುಮಕ್ಕಳ ಒಂದು ಮೂಗುತಿಯ ಚಿನ್ನದಲ್ಲಿ ಸಾವಿರಾರು ಸೆನ್ಸರ್ ಮಾಡಬಹುದು. ಆದ್ದರಿಂದ ಚಿನ್ನ ಎಂದ ಮಾತ್ರಕ್ಕೆ ದುಬಾರಿ ಎಂದುಕೊಳ್ಳಬೇಡಿ. ಖರ್ಚು ಇರುವುದು ಬಳಿಯುವ ಯಂತ್ರದಲ್ಲಿ ಮತ್ತು ಬಣ್ಣ ಓದುವ ಯಂತ್ರದಲ್ಲಿ.

ಇದರ ದಾಯಾದಿಯೊಂದನ್ನು ನೀವೆಲ್ಲ ನೋಡಿದ್ದೀರಿ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡುತ್ತಿದ್ದ ಆಂಟಿಜೆನ್ ಪರೀಕ್ಷೆಯ ಪಟ್ಟಿಯಲ್ಲಿ ಮೂಡುತ್ತಿದ್ದ ಕೆಂಪು ಗೆರೆ ಬಹುತೇಕ ಚಿನ್ನದ್ದೇ. ಗರ್ಭಿಣಿಯರ ಪರೀಕ್ಷೆಯ ಪಟ್ಟಿಯಲ್ಲೂ ಅಷ್ಟೆ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಒಡೆದರೆ ಹಳದಿ ಹೋಗಿ ಮಾಣಿಕ್ಯದ ಕೆಂಪು ಬರುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲೇ ಈ ಕೆಂಪು ನೀರನ್ನು ಮಾಡಿ ತೋರಿಸಿದ್ದರು. ಅಲ್ಲೂ ಕೆಲಸ ಮಾಡುವುದು ಎಲೆಕ್ಟ್ರಾನುಗಳ ಇದೇ ತೂಗಾಟ.

ಈಗ ಗಾಜಿನ ಎಳೆಗೆ ಬರೋಣ. ಅದಕ್ಕೆ ಕೆಆರ್‌ಎಸ್ ಬೃಂದಾವನಕ್ಕೆ ಹೋಗಬೇಕು.

ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1927ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದ ತೋಟ ಅದು. ಸಂಜೆ ಬಣ್ಣದ ಕಾರಂಜಿ ಬಿಟ್ಟಾಗ ನೀರಿನ ಕಂಬವೇ ಹೊತ್ತಿಕೊಂಡಂತೆ ಕಾಣುವುದನ್ನು ನಾವೆಲ್ಲ ಶಾಲಾ ಪ್ರವಾಸದಲ್ಲಿ ಬಾಯಿ ಬಿಟ್ಟುಕೊಂಡು ನೋಡಿದವರೇ. ದೀಪ ಇರುವುದು ಬುಡದಲ್ಲಿ, ಹೊಳೆಯುವುದು ತುದಿಯವರೆಗೆ. ಒಳಹೊಕ್ಕ ಬೆಳಕಿನ ಒಂದು ಭಾಗ ನೀರಿನ ಗೋಡೆಗೆ ಓರೆಯಾಗಿ ಬಡಿದು, ಹೊರಗೆ ಹೋಗಲಾರದೆ, ಒಳಗೇ ಪುಟಿಯುತ್ತಾ ನೀರಿನ ಜೊತೆಗೇ ಸಾಗುತ್ತದೆ. ಹತ್ತನೇ ತರಗತಿಯ ಪುಸ್ತಕದ ಪೂರ್ಣ ಆಂತರಿಕ ಪ್ರತಿಫಲನ ಇದೇ. ಜಿನೀವಾದ ಡೇನಿಯಲ್ ಕೊಲಾಡನ್ 1841ರಲ್ಲಿ ನೀರಿನ ಧಾರೆಯೊಳಗೆ ಬೆಳಕು ಬಾಗಿ ಹರಿಯುವುದನ್ನು ತೋರಿಸಿದರು. 1854ರಲ್ಲಿ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಅದನ್ನೇ ಜನರ ಮುಂದೆ ಮಾಡಿದರು. ಬಣ್ಣದ ಕಾರಂಜಿಗಳ ಶೋಕಿ ಯೂರೋಪಿನ ವಸ್ತುಪ್ರದರ್ಶನಗಳಲ್ಲಿ ಹಬ್ಬಿತು. 1889ರ ಪ್ಯಾರಿಸ್ ಪ್ರದರ್ಶನದ ಕಾರಂಜಿಗಳು ಹೆಸರುವಾಸಿ. ನಮ್ಮ ಬೃಂದಾವನದ ಕಾರಂಜಿಯೂ ಆ ಮನೆತನದ್ದೇ.

ನೀರಿನ ಬದಲು ಗಾಜು ಬಳಸಿದರೆ ಧಾರೆ ಬೀಳುವುದಿಲ್ಲ, ಮುರಿಯುವುದಿಲ್ಲ, ಬೇಕಾದಲ್ಲಿಗೆ ಒಯ್ಯಬಹುದು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿದ ಫಲಿತಾಂಶ 1954ರಲ್ಲಿ ಪ್ರಕಟವಾಯಿತು. ಗಾಜು ಸಾಕಷ್ಟು ಶುದ್ಧವಾಗಿದ್ದರೆ ದೂರದ ಮಾತುಕತೆಗೂ ಆಗುತ್ತದೆ ಎಂದು 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಹಾಕ್‌ಹ್ಯಾಮ್ ಹೇಳಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಗಾಜು ಎಳೆದಿತು. ನಮ್ಮ ಗ್ರಾಮ ಪಂಚಾಯಿತಿ ಕಚೇರಿಗಳ ಮುಂದೆ ಅಗೆದು ಹೂತ ಕೇಬಲ್ಲಿನಲ್ಲಿ ಇರುವುದು ಇದೇ ಎಳೆ. ಆ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿ, 2015ರಲ್ಲಿ ಭಾರತ್‌ನೆಟ್ ಎಂದು ಹೆಸರಾಯಿತು. ಶಿವನಸಮುದ್ರದ ತಂತಿಯ ಕಥೆ ಗೊತ್ತಿರುವವರಿಗೆ, ಕೇಬಲ್ ಊರಿಗೆ ಬಂದರೂ ಇಂಟರ್ನೆಟ್ ಮನೆಗೆ ಬರಲು ತಡವಾದದ್ದು ಹೊಸ ಅನುಭವವೇನಲ್ಲ.

ಎಳೆಯ ಮೇಲೆ ಇನ್ನೊಂದು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಒಂದೆರಡು ಸೆಂಟಿಮೀಟರ್ ಉದ್ದಕ್ಕೆ ಆ ಹೊದಿಕೆ ತೆಗೆದು ಚಿನ್ನ ಬಳಿದು, ಒಂದು ತುದಿಯಿಂದ ಬಿಳಿ ಬೆಳಕು ಬಿಟ್ಟು ಇನ್ನೊಂದು ತುದಿಯಲ್ಲಿ ಯಾವ ಬಣ್ಣ ಕಡಿಮೆಯಾಯಿತು ಎಂದು ನೋಡಿದರೆ ಮುಗಿಯಿತು, ಪಟ್ಟಕವೂ ಬೇಡ, ದೊಡ್ಡ ಪೆಟ್ಟಿಗೆಯೂ ಬೇಡ. ಇದನ್ನು 1993ರಲ್ಲಿ ಮಾಡಿ ತೋರಿಸಿದವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾರ್ಗೆನ್ಸನ್ ಮತ್ತು ಯೀ. ಭಾರತದಲ್ಲಿ ಈ ವಿಷಯಕ್ಕೆ ನೆಲೆ ಕಟ್ಟಿದವರು ದೆಹಲಿ ಐಐಟಿಯ ಪ್ರಾಧ್ಯಾಪಕ ಬಿ.ಡಿ. ಗುಪ್ತ ಮತ್ತು ಅವರ ಶಿಷ್ಯರು. ಅನುಜ್ ಶರ್ಮ, ರಾಜನ್ ಝಾ ಅವರೊಡನೆ ಗುಪ್ತ ಅವರು 2007ರಲ್ಲಿ ಬರೆದ ಸಮೀಕ್ಷಾ ಲೇಖನವನ್ನು ಹೊರದೇಶದವರೂ ಓದಿಯೇ ಮುಂದೆ ಹೋಗುತ್ತಾರೆ.

ಇನ್ನು ಮೂರನೆಯದು, ದ್ರವ. ನಮ್ಮವರಿಗೆ ಇದನ್ನು ವಿವರಿಸುವುದೇ ಬೇಡ.

ಕಟ್ಟೆ ಕಟ್ಟುವ ಮೊದಲೇ ನಮ್ಮಲ್ಲಿ ಕಬ್ಬು ಇತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಶ್ರೀರಂಗಪಟ್ಟಣದ ಸುತ್ತ ತಿರುಗಾಡಿ ಹಳೆಯ ನಾಲೆಗಳ ಕೆಳಗೆ ಬೆಳೆಯುತ್ತಿದ್ದ ರಸ್ತಾಳಿ, ಪಟ್ಟಾಪಟ್ಟಿ ಮುಂತಾದ ಕಬ್ಬಿನ ತಳಿಗಳನ್ನೂ ಬೆಲ್ಲ ಮಾಡುವ ಬಗೆಯನ್ನೂ ಬರೆದಿಟ್ಟಿದ್ದಾನೆ. ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹುಲಿಕೆರೆಯ ಸುರಂಗ ದಾಟಿ ಹರಿದ ಮೇಲೆ ಕಬ್ಬು ಎಲ್ಲ ಕಡೆ ಹಬ್ಬಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದರ ಹಿಂದೆ ನಿಂತ ದೊಡ್ಡ ಶಕ್ತಿ. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ ಬಂತು, ಕೆ.ಆರ್. ಪೇಟೆ ಕಡೆಯೂ ಕಾರ್ಖಾನೆ ಬಂತು.

ಆಲೆಮನೆಯಲ್ಲಿ ಅಳತೆ ಮಾಡುವುದು ಬೆರಳು. ಕೊಪ್ಪರಿಗೆಯಿಂದ ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಹದ ಬಂತು ಎನ್ನುತ್ತಾರೆ. ಅನುಭವಸ್ಥ ಒಲೆಗಾರನ ಬೆರಳು ತಪ್ಪುವುದು ಅಪರೂಪ. ಕಾರ್ಖಾನೆಯಲ್ಲಿ ಅಳತೆ ಮಾಡುವುದು ಬ್ರಿಕ್ಸ್. 100 ಗ್ರಾಂ ಕಬ್ಬಿನ ಹಾಲಿನಲ್ಲಿ ಕರಗಿರುವ ವಸ್ತು 20 ಗ್ರಾಂ ಇದ್ದರೆ ಅದು 20 ಬ್ರಿಕ್ಸ್. ಹೇಗೆ ಗೊತ್ತಾಗುತ್ತದೆ ಎಂದರೆ, ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ. ನೀರಿನ ವಕ್ರೀಭವನ ಸೂಚ್ಯಂಕ 1.333. 20 ಬ್ರಿಕ್ಸ್ ಸಕ್ಕರೆ ನೀರಿನದು ಸುಮಾರು 1.364. ಈ ಸಣ್ಣ ವ್ಯತ್ಯಾಸವನ್ನು ಓದುವ ರಿಫ್ರಾಕ್ಟೋಮೀಟರನ್ನು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1870ರ ಸುಮಾರಿಗೆ ರೂಪಿಸಿದರು. ಅಬ್ಬೆಯ ಉಪಕರಣ ಓದುವುದೂ, ಚಿನ್ನ ಬಳಿದ ಎಳೆ ಓದುವುದೂ ಒಂದೇ ಸೂಚ್ಯಂಕವನ್ನು. ಎಳೆ ಇನ್ನೂ ಸೂಕ್ಷ್ಮ, ನಾಲ್ಕನೇ ಐದನೇ ದಶಮಾಂಶದವರೆಗೂ ಹೋಗುತ್ತದೆ. ಸೆನ್ಸರ್ ತಯಾರಿಸಿದ ಪ್ರಯೋಗಾಲಯಗಳು ಅದನ್ನು ಒರೆಗೆ ಹಚ್ಚಲು ಎಷ್ಟೋ ಸಲ ಮೊದಲು ಅದ್ದುವುದು ಸಕ್ಕರೆ ನೀರಿನಲ್ಲೇ. ಮಂಡ್ಯದವನಿಗೆ ಇದನ್ನು ಓದಿದಾಗ ಆಗುವ ಖುಷಿ ಬೇರೆಯವರಿಗೆ ಆಗದು.

ಆದರೆ ಖುಷಿಯ ಜೊತೆಗೆ ಒಂದು ಪ್ರಶ್ನೆಯೂ ಇದೆ. ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡುವ ಬೆಲೆ ಸಕ್ಕರೆ ಇಳುವರಿಯ ಮೇಲೆ ನಿಂತಿದೆ. ಈಚಿನ ವರ್ಷಗಳಲ್ಲಿ ಮೂಲ ಇಳುವರಿ ಶೇ. 10.25. ಅದಕ್ಕಿಂತ ಹೆಚ್ಚಾದರೆ ಬೆಲೆ ಏರುತ್ತದೆ. ಇಳುವರಿ ಲೆಕ್ಕ ಹಾಕುವುದು ಕಾರ್ಖಾನೆಯ ಗೇಟಿನ ಒಳಗೆ, ಇಡೀ ಕಾರ್ಖಾನೆಗೆ ಸೇರಿಸಿ. ವರ್ಷವಿಡೀ ನೀರು ಕಟ್ಟಿ ಬೆಳೆದವನಿಗೆ ತನ್ನ ಗದ್ದೆಯ ಕಬ್ಬಿನ ಹಾಲು ಎಷ್ಟು ಗಟ್ಟಿ ಎಂಬ ಒಂದು ಅಂಕಿಯೂ ಕೈಯಲ್ಲಿರುವುದಿಲ್ಲ. ಕಟಾವಿಗೆ ಸರದಿ ತಡವಾಗಿ, ಕಡಿದ ಕಬ್ಬು ಬಿಸಿಲಲ್ಲಿ ಒಣಗಿ, ಸಕ್ಕರೆ ಕೆಡುತ್ತಾ ಹೋದರೂ ಎಷ್ಟು ಕೆಟ್ಟಿತು ಎಂದು ತೋರಿಸಲು ಆಧಾರವಿಲ್ಲ. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಎಲ್ಲರ ಎದುರಿಗೇ ಮುಳುಗುತ್ತದೆ, ಫ್ಯಾಟ್ ಎಷ್ಟೆಂದು ಚೀಟಿಯಲ್ಲಿ ಬರುತ್ತದೆ. ಕಬ್ಬಿನ ಹಾಲಿಗೆ ಆ ಚೀಟಿ ಇಲ್ಲ.

ನಾಗಮಂಗಲದ ಕಡೆ ಪ್ರಶ್ನೆ ಬೇರೆ. ಅಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ, ಈ ನೀರನ್ನು ಮಕ್ಕಳಿಗೆ ಕುಡಿಸಬಹುದೇ, ಫ್ಲೋರೈಡ್ ಎಷ್ಟಿದೆ ಎಂಬ ಚಿಂತೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ನಾಲಿಗೆಗೆ ಇದು ತಿಳಿಯುವುದಿಲ್ಲ. ಬೆಲ್ಲ ಬೆಳ್ಳಗಾಗಲಿ ಎಂದು ಕೆಲವು ಆಲೆಮನೆಗಳಲ್ಲಿ ಹಾಕುವ ಹೈಡ್ರೋಸ್ ಕೂಡ ಹಾಗೆಯೇ. ನಮ್ಮ ಅಜ್ಜಂದಿರು ಬೆಂಡೆಗಿಡದ ಕಾಂಡದ ಲೋಳೆ, ಸುಣ್ಣದಲ್ಲಿ ಕೊಳೆ ತೆಗೆಯುತ್ತಿದ್ದರು, ಬೆಲ್ಲ ಕಂದಾಗಿರುತ್ತಿತ್ತು. ಈಗ ಪೇಟೆಯವರಿಗೆ ಹೊಂಬಣ್ಣವೇ ಬೇಕು.

ಚಿನ್ನದ ಎಳೆ ಇದಕ್ಕೆಲ್ಲ ಉತ್ತರವೇ? ಬರೀ ಚಿನ್ನಕ್ಕೆ ಯಾವುದರ ಗುರುತೂ ಇಲ್ಲ. ಅದಕ್ಕೆ ಸಕ್ಕರೆಯೂ ಒಂದೇ, ಉಪ್ಪೂ ಒಂದೇ, ಬೆಳಕು ಎಷ್ಟು ಬಾಗಿತು ಎಂಬುದಷ್ಟೇ ಗೊತ್ತು. ಫ್ಲೋರೈಡನ್ನೋ ಕೀಟನಾಶಕವನ್ನೋ ಮಾತ್ರ ಹಿಡಿಯುವ ಇನ್ನೊಂದು ಪದರವನ್ನು ಚಿನ್ನದ ಮೇಲೆ ಕೂರಿಸಬೇಕು. ಈಗಿನ ಸಂಶೋಧನೆಯ ಬಹುಪಾಲು ಆ ಪದರದ ಮೇಲೆಯೇ ನಡೆಯುತ್ತಿದೆ. ನೀರು ಒಂದು ಡಿಗ್ರಿ ಬಿಸಿಯಾದರೂ ಸೂಚ್ಯಂಕ ನಾಲ್ಕನೇ ದಶಮಾಂಶದಲ್ಲಿ ಅಲ್ಲಾಡುತ್ತದೆ, ಆದ್ದರಿಂದ ಉಷ್ಣತೆಯನ್ನೂ ಜೊತೆಗೇ ಅಳೆಯಬೇಕು. ಗಾಣದಿಂದ ಬಂದ ಹಸಿ ಕಬ್ಬಿನ ಹಾಲಿನಲ್ಲಿ ನೊರೆ, ಸಿಪ್ಪೆ, ಮಣ್ಣು ಎಲ್ಲ ಇರುತ್ತದೆ. 50 ನ್ಯಾನೋಮೀಟರ್ ಲೇಪ ಅದರ ಮುಂದೆ ಎಷ್ಟು ದಿನ ಬಾಳೀತು? ಪ್ರಯೋಗಾಲಯದ ಶುದ್ಧ ಸಕ್ಕರೆ ನೀರು ಬೇರೆ, ಆಲೆಮನೆ ಬೇರೆ. ಇದು ಹಳ್ಳಿಗೆ ಬರಲು ಇನ್ನೂ ವರ್ಷಗಳು ಬೇಕು ಎಂದೇ ನನ್ನ ಅಂದಾಜು. ಬರುವುದಾದರೆ ಅದನ್ನು ತರುವವರು ಕೊಪ್ಪರಿಗೆಯ ಹೊಗೆ ಕುಡಿದು ಬೆಳೆದ ಮಕ್ಕಳಾಗಿದ್ದರೆ ಕೆಲಸ ಬೇಗ ಆದೀತು, ಏಕೆಂದರೆ ನೊರೆ ಎಲ್ಲಿ ಕಟ್ಟುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಲ್ಲಿಯವರೆಗೆ ಅಬ್ಬೆಯ ಹಳೆಯ ಉಪಕರಣದ ಮರಿಯೊಂದು ಇದೆ. ಗೇಣುದ್ದದ ಕೈ ರಿಫ್ರಾಕ್ಟೋಮೀಟರ್, ಬ್ಯಾಟರಿ ಬೇಡ, ಬಿಸಿಲು ಸಾಕು. ನಮ್ಮ ಬ್ಯಾಚಿನವರು ಸೇರಿ ಇಂಥ ಎರಡನ್ನು ಶಾಲೆಯ ವಿಜ್ಞಾನ ಕೊಠಡಿಗೆ ಕೊಡುತ್ತಿದ್ದೇವೆ. ಒಂದನ್ನು ಮಕ್ಕಳ ಪ್ರಯೋಗಕ್ಕೆ ಇಟ್ಟು, ಇನ್ನೊಂದನ್ನು ಕಟಾವಿನ ಕಾಲದಲ್ಲಿ ಊರಿನವರಿಗೆ ಪುಸ್ತಕದಲ್ಲಿ ಬರೆಸಿಕೊಂಡು ಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡಿದ್ದೇವೆ. ಬಳಸುವುದು ಸುಲಭ. ಮೊದಲು ಶುದ್ಧ ನೀರು ಒಂದು ತೊಟ್ಟು ಹಾಕಿ ಗೆರೆ ಸೊನ್ನೆಗೆ ಬರುತ್ತದೆಯೇ ನೋಡಿ, ಒರೆಸಿ. ಕಬ್ಬಿನ ಬುಡದ ಗೆಣ್ಣು, ನಡುವಿನ ಗೆಣ್ಣು, ತುದಿಯ ಗೆಣ್ಣು ಮೂರರಿಂದಲೂ ಬೇರೆ ಬೇರೆ ಹಾಲು ತೆಗೆದು ಓದಿ ಬರೆದುಕೊಳ್ಳಿ. ಬುಡದ ಅಂಕಿಗೂ ತುದಿಯ ಅಂಕಿಗೂ ಅಂತರ ಹೆಚ್ಚಿದ್ದರೆ ಕಬ್ಬು ಇನ್ನೂ ಬಲಿತಿಲ್ಲ, ಹತ್ತಿರ ಬಂದಿದ್ದರೆ ಕಡಿಯಬಹುದು. ಕಡಿದ ದಿನ ಒಂದು ಸಲ, ಲಾರಿ ಬಂದ ದಿನ ಇನ್ನೊಂದು ಸಲ ಓದಿ, ತಾರೀಕು ಹಾಕಿ ಇಡಿ. ಬಿಸಿಲಿಗೆ ನೀರು ಆರಿದಾಗ ಅಂಕಿ ಏರಿದಂತೆ ಕಾಣಬಹುದು, ಅದನ್ನು ಸಕ್ಕರೆ ಹೆಚ್ಚಿತು ಎಂದು ತಿಳಿಯಬೇಡಿ, ಜೊತೆಗೆ ತೂಕವನ್ನೂ ಬರೆಯಿರಿ. ಗಾಜನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಮಾತ್ರ ಒರೆಸಿ, ಸೀರೆ ಸೆರಗು, ಟವೆಲ್ಲಿನ ತುದಿ ಬೇಡ, ಗೀರು ಬೀಳುತ್ತದೆ.